ಬ್ಲೂ-ರೇ ಬಂತು, ಜನ ಬರಲಿಲ್ಲ

ಹೊಸ ಸಾಮಾನು ತಂದವರ ಮನೆಯಲ್ಲಿ ಒಂದಲ್ಲ ಒಂದು ತಮಾಷೆ ನಡೆಯುವುದು ಇದ್ದದ್ದೇ. ನಮ್ಮ ಮನೆಯಲ್ಲಿ ಮಾತ್ರ ಸಾಮಾನು ಆಟೋದಿಂದ ಇಳಿಯುವುದಕ್ಕೆ ಮೊದಲೇ ತಮಾಷೆ ಇಳಿದು ಒಳಗೆ ಬಂದಿರುತ್ತದೆ.

ನಾನು ನೆಲಮಂಗಲದ ಒಂದು ಗೋಡೌನಿನಲ್ಲಿ ಸ್ಟೋರ್ ಕೀಪರ್. ಮದುವೆಯಾಗಿಲ್ಲ. ವಯಸ್ಸು ಕೇಳುವವರು ಕೇಳುವುದನ್ನು ಬಿಟ್ಟಿದ್ದಾರೆ, ಅಷ್ಟಾಗಿದೆ ಅಂದುಕೊಳ್ಳಿ. ಅಮ್ಮ ಇರುವವರೆಗೆ ನಮ್ಮ ನಡುಮನೆಯಲ್ಲಿ ಮಧ್ಯಾಹ್ನವಾದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಒಬ್ಬರೂ ಹೊಸಿಲು ದಾಟಲಿಲ್ಲ. ಅವರ ತಪ್ಪೇನಿಲ್ಲ, ಗಂಡಸೊಬ್ಬನೇ ಇರುವ ಮನೆಗೆ ಯಾವ ಹೆಂಗಸು ಬಂದು ಕೂರುತ್ತಾಳೆ? ಗಂಡಸರಿಗೆ ಅಂಗಡಿ ಕಟ್ಟೆ ಇತ್ತು. ಗೋಡೌನಿನಿಂದ ಬಂದು ಬೀಗ ತೆಗೆದರೆ ಆ ಬೀಗದ ಸದ್ದೇ ನನ್ನನ್ನು ಮಾತಾಡಿಸುತ್ತಿದ್ದದ್ದು.

ದೇವನಹಳ್ಳಿಯಲ್ಲಿ ಆಗಷ್ಟೇ ವಿಮಾನಗಳು ಇಳಿಯಲು ಶುರುವಾಗಿದ್ದ ಕಾಲ. ಯಾರ ಬಾಯಲ್ಲಿ ನೋಡಿದರೂ ಸೈಟಿನ ಮಾತು. ಪ್ರತಿ ಮನೆಗೂ ಒಂದು ಟಿವಿ, ಪ್ರತಿ ಟಿವಿಯ ಮುಂದೆ ಮುಚ್ಚಿದ ಒಂದು ಬಾಗಿಲು. ಬೀದಿಗೆ ಮೊದಲ ಟಿವಿ ಬಂದಾಗ ಜನ ಕಿಟಕಿ ಸರಳಿಗೆ ಜೋತುಬಿದ್ದು ನೋಡಿದ್ದು ನನಗೆ ನೆನಪಿತ್ತು. ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲದ್ದು ತಂದಿಟ್ಟರೆ ಮತ್ತೆ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಹಾಗೆ ಬಂತು ನಮ್ಮ ಮನೆಗೆ ಡಿವಿಡಿಗಿಂತ ಎಷ್ಟೋ ಸ್ಪಷ್ಟವಾಗಿ ಸಿನಿಮಾ ತೋರಿಸುವ ಬ್ಲೂ-ರೇ ಪ್ಲೇಯರು, ಅದರ ಜೊತೆಗೆ ಅದಕ್ಕೆ ತಕ್ಕ ದೊಡ್ಡ ಟಿವಿ, ಒಂದು ಡಬ್ಬ ಸ್ಪೀಕರು. ನನಗೇನೂ ಸಿನಿಮಾ ಹುಚ್ಚಿಲ್ಲ. ನನಗೆ ಬೇಕಾಗಿದ್ದದ್ದು ನಡುಮನೆಯಲ್ಲಿ ಕೂರುವ ನಾಲ್ಕು ಜನ.

೧. ಡಬ್ಬ ಬಂತು, ಹೆಣ್ಣು ಯಾವೂರು?

ಗೂಡ್ಸ್ ಆಟೋ ನಮ್ಮ ಬೀದಿಗೆ ತಿರುಗಿದಾಗ ಮೂಲೆಯ ದಿನಸಿ ಅಂಗಡಿಯವನು ತಕ್ಕಡಿ ಹಾಗೇ ಬಿಟ್ಟು ಹೊರಗೆ ಬಂದ.

"ಏನ್ ಗುರು, ಒಂದ್ ಮಾತೂ ಹೇಳ್ಲಿಲ್ವಲ್ಲ! ಯಾವಾಗ ಊಟ?"

"ಯಾವ ಊಟ?"

"ಸಾಮಾನೇ ಬಂದು ಇಳೀತಿದೆ, ಇನ್ನೂ ಯಾವ ಊಟ ಅಂತೀಯಲ್ಲಪ್ಪಾ!"

ನಮ್ಮ ಕಡೆ ಒಂಟಿ ಗಂಡಸಿನ ಮನೆಗೆ ಟಿವಿ ಬಂದರೆ ಅದಕ್ಕೆ ಒಂದೇ ಅರ್ಥ. ಟಿವಿ, ಬೀರು, ಮಿಕ್ಸಿ ಇವೆಲ್ಲ ಹೆಣ್ಣಿನ ಜೊತೆ ಬರುವ ವಸ್ತುಗಳು. ಸ್ವಂತ ಖರ್ಚಿನಲ್ಲಿ ತರಿಸಿಕೊಂಡೆ ಅಂದರೆ ಯಾರೂ ನಂಬುವುದಿಲ್ಲ. ನಂಬಿದರೆ ಇನ್ನೂ ಕಷ್ಟ, ಅಯ್ಯೋ ಪಾಪ ಅನ್ನುತ್ತಾರೆ.

ಎದುರು ಮನೆ ಅಜ್ಜಿ ಜಗುಲಿಯ ಮೇಲಿಂದಲೇ ಮೂರೂ ಡಬ್ಬಗಳನ್ನು ಅಳೆದು ನೋಡಿ, "ಒಳ್ಳೇ ಸಾಮಾನೇ ಕೊಟ್ಟವ್ರೆ. ಯಾವೂರಿಂದ ಬಂತು ಮಗಾ?" ಎಂದರು.

ಡಬ್ಬದ ವಿಷಯ ಕೇಳುತ್ತಿದ್ದಾರೆ ಅಂದುಕೊಂಡು, ಸ್ವಲ್ಪ ಜಂಬದಿಂದಲೇ, "ಜಪಾನಿಂದ ಅಜ್ಜಿ" ಎಂದೆ. ಅಜ್ಜಿ ಕೆನ್ನೆಯ ಮೇಲೆ ಕೈ ಇಟ್ಟುಕೊಂಡರು.

ಸಂಜೆಯೊಳಗೆ ಜಡಿಗೇನಹಳ್ಳಿಯಿಂದ ಅಕ್ಕನ ಫೋನು. ಎದುರು ಮನೆ ಸೊಸೆಯ ತವರು ಅಕ್ಕನ ಊರಿನ ಪಕ್ಕದಲ್ಲೇ, ಸುದ್ದಿ ಹೋಗಲು ಅಷ್ಟು ಸಾಕು. ಅಕ್ಕ ಅಳುತ್ತಿದ್ದಳು.

"ಒಡಹುಟ್ಟಿದೋಳು ನಾನು, ನಂಗೊಂದ್ ಮಾತು ಹೇಳ್ಬಾರ್ದಿತ್ತಾ? ಜಪಾನೋಳಂತೆ?"

"ಅಕ್ಕಾ, ಅದು ಸಿನಿಮಾ ಹಾಕೋ ಮೆಷಿನ್ನು."

"ಸುಳ್ ಹೇಳ್ಬೇಡ, ಅಜ್ಜಿನೇ ಕಣ್ಣಾರೆ ನೋಡವ್ರೆ." ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಅಕ್ಕನ ದನಿ ಮೆತ್ತಗಾಯಿತು. "ಹೋಗ್ಲಿ ಬಿಡು. ಈ ವಯಸ್ನಲ್ಲಿ ನಿನ್ನ ಒಪ್ಕೊಂಡವಳಲ್ಲ, ಅದೇ ದೊಡ್ಡದು. ಮುದ್ದೆ ತಿಂತಾಳಾ ಅಂತ ಒಂದ್ಸಲ ಕೇಳ್ಬಿಡು. ತಿಂದ್ರೆ ಮಿಕ್ಕಿದ್ದೆಲ್ಲಾ ನಾನ್ ನೋಡ್ಕೊಳ್ತೀನಿ."

೨. ಮುಖ ಯಾವ ಕಡೆ?

ಮರುದಿನ ಅದನ್ನು ಜೋಡಿಸಿಕೊಡಲು ಬೆಂಗಳೂರಿನ ಅಂಗಡಿಯಿಂದ ಒಬ್ಬರು ಬಂದರು. ಬೋಳು ತಲೆ, ಓದುವ ಕನ್ನಡಕ, ಸಿಡುಕು ಮೋರೆ. ದೇವನಹಳ್ಳಿ ಕಡೆ ಇನ್ನೂ ಮನೆಗಳಿವೆ, ಅಲ್ಲಿ ಜಮೀನು ಮಾರಿದವರೆಲ್ಲ ಇದನ್ನೇ ತಗೊಳ್ಳುತ್ತಿದ್ದಾರೆ, ಬೇಗ ಮುಗಿಸಬೇಕು ಎಂದು ಬರುತ್ತಲೇ ಹೇಳಿದರು. ಐದು ಸ್ಪೀಕರುಗಳನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರು, "ಮನೇಲಿ ಎಷ್ಟು ಜನ ಸಾರ್?"

"ಒಬ್ಬನೇ."

"ತುಂಬಾ ಒಳ್ಳೇದು" ಎಂದರು. ನನ್ನ ಮನೆಯ ಸ್ಥಿತಿಗೆ ಸಂತೋಷಪಟ್ಟ ಮೊದಲ ಮನುಷ್ಯ. "ಹಾಗಾದ್ರೆ ಕುರ್ಚಿ ಸರಿಯಾಗಿ ನಡುವೆ ಹಾಕ್ಕೊಳ್ಳಿ. ನಾಲ್ಕು ಕಡೆಯಿಂದ್ಲೂ ಶಬ್ದ ನಿಮ್ಗೇ ಬರುತ್ತೆ. ಫ್ಯಾಮಿಲಿ ಇರೋರ ಮನೇಲಿ ಇಷ್ಟು ಚೆನ್ನಾಗಿ ಕೇಳಲ್ಲ."

ಅವರು ತಂತಿ ಎಳೆಯುತ್ತಿರುವಾಗ ಎದುರು ಮನೆ ಅಜ್ಜಿ ಪೂಜೆ ತಟ್ಟೆ ಹಿಡಿದುಕೊಂಡು ಬಂದು ಹೊಸಿಲಾಚೆಯೇ ನಿಂತರು. ಮದುವೆಯ ವಿಷಯ ಸುಳ್ಳು ಎಂದು ಅಷ್ಟು ಹೊತ್ತಿಗೆ ಅವರಿಗೆ ತಿಳಿದಿತ್ತು, ಬೇಸರವೂ ಆಗಿತ್ತು. ಆದರೂ ಹೊಸ ವಸ್ತು ಬಂದ ಮೇಲೆ ಪೂಜೆಯಾಗದೆ ಬಳಸುವುದುಂಟೇ? ಸ್ಕೂಟರಿಗೆ, ಟ್ರ್ಯಾಕ್ಟರಿಗೆ, ಬೋರ್‌ವೆಲ್ ಮೋಟಾರಿಗೆ, ಯಾವುದಕ್ಕೂ ನಮ್ಮಲ್ಲಿ ಪೂಜೆ ತಪ್ಪಿಸಿದ್ದಿಲ್ಲ.

"ಒಳಗೆ ಬನ್ನಿ ಅಜ್ಜಿ."

"ಬೇಡ ಮಗಾ, ಇಲ್ಲೇ ಆಗುತ್ತೆ. ಅದ್ನೇ ಇಲ್ಲಿಗೆ ತತ್ತಾ."

ಮೆಷಿನ್ನು ಆಗಲೇ ಗೂಟಕ್ಕೆ ಕಟ್ಟಿದ ಹಸುವಿನಂತೆ ನಾಲ್ಕು ಕಡೆ ತಂತಿಯಲ್ಲಿ ಸಿಕ್ಕಿಕೊಂಡಿತ್ತು. ಅದರ ಬದಲು ಜೊತೆಯಲ್ಲಿ ಬಂದಿದ್ದ ಡಿಸ್ಕನ್ನು ಕೊಟ್ಟೆ. ಅಜ್ಜಿ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಯಾವ ಕಡೆ ಹೊಳೆಯುತ್ತದೋ ಅದೇ ಮುಖ ಎಂದು ತೀರ್ಮಾನಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಅರಿಶಿನ, ಅದರ ಮೇಲೆ ನೀರಲ್ಲಿ ಕಲಸಿದ ಕುಂಕುಮ ಇಟ್ಟು ಕೈಮುಗಿದರು.

ಒಳಗೆ ಹಾಕಿದರೆ ಮೆಷಿನ್ನು ಸ್ವಲ್ಪ ಹೊತ್ತು ಗೊರಗೊರ ಎಂದು ಸುಮ್ಮನಾಯಿತು. ಜೋಡಿಸಲು ಬಂದವರು ಕನ್ನಡಕ ಏರಿಸಿಕೊಂಡು ಪರದೆ ಓದಿದರು. "ಸಾರ್, ಡಿಸ್ಕೇ ಇಲ್ಲ ಅಂತ ತೋರಿಸ್ತಿದೆ."

ಹೊಸಿಲಾಚೆಯಿಂದ ಅಜ್ಜಿ ಸಿಟ್ಟಾದರು. "ಇಲ್ಲ ಅನ್ನೋಕೆ ಅದಕ್ಕೇನ್ ಕಣ್ ಕಾಣಲ್ವಾ? ಈಗ್ ತಾನೇ ನನ್ ಕೈಯಾರೆ ಬೊಟ್ಟಿಟ್ಟು ಕಳಿಸಿದ್ದೀನಿ!"

೩. ಶನಿವಾರದ ಮೀನು

ಕುಂಕುಮ ತೊಳೆದ ಮೇಲೆ ಚಿತ್ರ ಬಂತು. ಮೀನುಗಳು. ಕೆಂಪು, ಹಳದಿ, ಪಟ್ಟೆಪಟ್ಟೆಯ ಸಮುದ್ರದ ಮೀನುಗಳು, ಒಂದೊಂದರ ಒಂದೊಂದು ಹುರುಪೆಯೂ ಬೇರೆ ಬೇರೆ ಕಾಣುತ್ತಿತ್ತು. ಜೊತೆಗೆ ಕೊಟ್ಟಿದ್ದ ಒಂದೇ ಒಂದು ಡಿಸ್ಕು ಅದು. ಕನ್ನಡ ಸಿನಿಮಾ ಕೇಳಿಕೊಂಡು ಬಸ್‌ಸ್ಟ್ಯಾಂಡಿನ ಸಿ.ಡಿ. ಅಂಗಡಿಗೆ ಹೋದರೆ, "ಆ ಥರದ್ದರಲ್ಲಿ ಕನ್ನಡ ಇನ್ನೂ ಬಂದಿಲ್ಲ ಸಾರ್, ನೀವೇ ಸ್ವಲ್ಪ ಬೇಗ ಬಂದ್ಬಿಟ್ಟಿದ್ದೀರಾ" ಎಂದ. ಸರಿ, ಮೀನಾದರೂ ತೋರಿಸೋಣ ಎಂದು ಮೂಲೆಯ ದಿನಸಿ ಅಂಗಡಿಯವನನ್ನೂ ಎದುರು ಮನೆ ಅಜ್ಜಿಯ ಮಗನನ್ನೂ ಕರೆದೆ. ಮಗ ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಇಬ್ಬರೂ ಬಂದು ಕೂತರು. ನಡುಮನೆಯಲ್ಲಿ ನನ್ನ ಬಿಟ್ಟು ಇಬ್ಬರು! ನಾನು ಕಾಫಿಗೆ ಹಾಲಿಟ್ಟೆ.

ಹಾಲು ಉಕ್ಕುವಷ್ಟರಲ್ಲಿ ಅಂಗಡಿಯವನು ಎದ್ದು ನಿಂತಿದ್ದ. "ಇವತ್ತು ಶನಿವಾರ ಗುರು, ಒಪ್ಪತ್ತು ಮಾಡ್ತಿದ್ದೀನಿ. ಇದನ್ನ ನೋಡ್ಬಾರ್ದಿತ್ತು."

"ನೋಡಿದ್ರೇನಪ್ಪಾ, ತಿಂದಿಲ್ವಲ್ಲ?"

"ಮೊದ್ಲಿನ ಟಿವಿ ಆಗಿದ್ರೆ ಪರ್ವಾಗಿರ್ಲಿಲ್ಲ. ಇದ್ರಲ್ಲಿ ವಾಸ್ನೆನೂ ಬಂದಂಗೆ ಆಗ್ತಿದೆ" ಎನ್ನುತ್ತಾ ಕಣ್ಣು ಮುಚ್ಚಿಕೊಂಡೇ ಬಾಗಿಲು ತಡವಿ ಹೊರಟುಹೋದ.

ಅಜ್ಜಿಯ ಮಗ ಮಾತ್ರ ಕದಲಲಿಲ್ಲ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು, "ಅಣ್ಣಾ, ಈ ಪಟ್ಟೆದು ಮುಳ್ಳು ಜಾಸ್ತಿ ಇರುತ್ತೆ. ಅಗೋ ಆ ಕೆಂಪುದು ಹುರಿಯೋಕೆ ಚೆನ್ನಾಗಿರುತ್ತೆ" ಎಂದು ಒಂದೊಂದನ್ನೇ ಆರಿಸತೊಡಗಿದ. ಕಾಫಿ ಕುಡಿದವನೇ ಏನೋ ನೆನಪಾದವನಂತೆ ಎದ್ದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಕಾಂಪೌಂಡಿನಿಂದಲೇ ನನಗೆ ಹೇಳಿದಳು, "ಅಣ್ಣಾ, ಅದೇನ್ ತೋರ್ಸಿದ್ರಿ ನೀವು? ಎದ್ದಾಗಿಂದ ಮೀನು ಮೀನು ಅಂತ ಪ್ರಾಣ ತಿಂತಾವ್ರೆ. ಈಗ ಕೆರೆ ಕಡೆ ಹೋಗವ್ರೆ ತರೋಕೆ." ಮಧ್ಯಾಹ್ನದ ಹೊತ್ತಿಗೆ ಮಸಾಲೆಯ ವಾಸನೆ ರಸ್ತೆ ದಾಟಿ ನೇರ ನನ್ನ ನಡುಮನೆಗೆ ಬಂತು. ಬಟ್ಟಲು ಹಿಡಿದುಕೊಂಡು ಹಿಂದೆಯೇ ಯಾರಾದರೂ ಬರಬಹುದೆಂದು ಬಾಗಿಲು ತೆರೆದಿಟ್ಟು ಕೂತೆ. ವಾಸನೆ ಮಾತ್ರ ಬಂದು ಹೋಯಿತು.

೪. ಪಾಯಸದ ಸಾಕ್ಷಿ

ಅಂಗಡಿಯವನ ಮಗಳ ಮದುವೆ ಗೊತ್ತಾಯಿತು. ಅವನು ಲಗ್ನಪತ್ರಿಕೆ ಹಿಡಿದುಕೊಂಡು ಹೋದರೆ ಎದುರು ಮನೆ ಅಜ್ಜಿ ಮುಟ್ಟಲಿಲ್ಲ. "ನೀನ್ ನನ್ ಮಗನ ಮದ್ವೆಗೆ ಬಂದಿದ್ಯಾ, ನಾವ್ ನಿನ್ ಮಗಳ ಮದ್ವೆಗೆ ಬರೋಕೆ?"

"ಬಂದಿದ್ದೆ ಅಜ್ಜಿ! ದೇವ್ರಾಣೆಗೂ ಬಂದಿದ್ದೆ!"

"ಬಂದಿರ್ಲಿಲ್ಲ."

ಈ ವಿಷಯದಲ್ಲಿ ನಮ್ಮವರು ಹೈಕೋರ್ಟಿಗಿಂತ ಕಟ್ಟುನಿಟ್ಟು. ಬೀದಿಯವರೆಲ್ಲ ಸೇರಿ ವಾದಮಾಡಿದ ಮೇಲೆ ಯಾರಿಗೋ ನನ್ನ ಮೆಷಿನ್ನು ನೆನಪಾಯಿತು. ಅದರಲ್ಲಿ ಹಾಕಿದರೆ ಹಿಂದಿನ ಸಾಲಿನವರ ಮುಖವೂ ಸ್ಪಷ್ಟವಾಗಿ ಕಾಣುತ್ತದಂತೆ, ಬಂದಿದ್ದರೆ ಕಂಡೇ ಕಾಣುತ್ತಾನೆ ಎಂದರು. ಕ್ಯಾಸೆಟ್ಟಿನಿಂದ ಡಿವಿಡಿಗೆ ಹಾಕಿಸಿದ್ದ ಮದುವೆ ವಿಡಿಯೋ ಹಿಡಿದುಕೊಂಡು ಮೆರವಣಿಗೆಯಂತೆ ನಮ್ಮ ಮನೆಗೆ ಬಂದರು. ವ್ಯಾಜ್ಯ ದೊಡ್ಡದಾದ್ದರಿಂದ ಅಜ್ಜಿಯೂ ಹೊಸಿಲು ದಾಟಿ ನಡುವಿನ ಕುರ್ಚಿಯಲ್ಲಿ ಕೂತರು. ನನಗೆ ಆದ ಸಂತೋಷ ಹೇಳಲಾರೆ. ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರೂ ಕೂತಿದ್ದರಲ್ಲ.

ಹಳೆಯ ಕ್ಯಾಸೆಟ್ಟಿನ ಚಿತ್ರ ದೊಡ್ಡ ಟಿವಿಯಲ್ಲಿ ಇನ್ನೂ ಮಸುಕಾಗಿತ್ತು. ಎಲ್ಲರ ಮುಖವೂ ಇಡ್ಲಿ ಇದ್ದಂತೆ ಇತ್ತು. ನಾನು ನಿಲ್ಲಿಸಿ ನಿಲ್ಲಿಸಿ ಮುಂದಕ್ಕೆ ಬಿಟ್ಟೆ. ಧಾರೆಯಲ್ಲಿ ಅಂಗಡಿಯವನಿಲ್ಲ. ಆರತಕ್ಷತೆಯಲ್ಲೂ ಇಲ್ಲ. ಅಜ್ಜಿ ಬೀಗುತ್ತಿದ್ದರು. ಕೊನೆಗೆ ಊಟದ ಪಂಕ್ತಿ ಬಂದಾಗ ಅಂಗಡಿಯವನು, "ನಿಲ್ಸು ಗುರು! ಅಗೋ ನಾನು! ಆ ಗೆರೆ ಶರ್ಟು!" ಎಂದು ಕೂಗಿಬಿಟ್ಟ.

ನಿಲ್ಲಿಸಿದೆ. ಅವನೇ ಹೌದು. ಆದರೆ ನಾನು ಅವನನ್ನು ನೋಡುತ್ತಿರಲಿಲ್ಲ. ಎದುರಿನ ಸಾಲಿನಲ್ಲಿ ಅಮ್ಮ ಕೂತಿದ್ದಳು. ಪಕ್ಕದವಳ ಕಡೆ ತಿರುಗಿ ಏನೋ ಹೇಳಿ ನಗುತ್ತಿದ್ದಳು. ಅಷ್ಟು ದೊಡ್ಡ ಟಿವಿಯಲ್ಲಿ ಮೀನಿನ ಹುರುಪೆ ಎಣಿಸಬಹುದಿತ್ತು, ಅಮ್ಮನ ಮುಖ ಮಾತ್ರ ನೆಟ್ಟಗೆ ಕಾಣಲಿಲ್ಲ. ಮುಂದಕ್ಕೆ ಬಿಡಲು ಕೈ ಬರಲಿಲ್ಲ.

"ಮುಂದಕ್ ಬಿಡು ಗುರು" ಎಂದ ಅಂಗಡಿಯವನು. ಬಿಟ್ಟೆ. ಪಾಯಸದ ಬಕೆಟ್ಟು ಹಿಡಿದವನು ಸಾಲಿನಲ್ಲಿ ಬಂದ, ಅಂಗಡಿಯವನ ಎಲೆಯ ಹತ್ತಿರ ಯಾರೋ ಕರೆದದ್ದಕ್ಕೆ ತಿರುಗಿದ, ಮುಂದಿನ ಎಲೆಗೆ ಹೋಗಿಬಿಟ್ಟ.

ಅಜ್ಜಿ ಸೋತ ಮುಖದಲ್ಲಿ, "ಸರಿ ಬಿಡಪ್ಪಾ, ಬಂದಿದ್ದೆ, ಒಪ್ಕೊಂಡೆ. ಪತ್ರಿಕೆ ಕೊಡು" ಎಂದು ಕೈ ಚಾಚಿದರು.

ಅಂಗಡಿಯವನು ಪತ್ರಿಕೆಯನ್ನು ಹಿಂದಕ್ಕೆಳೆದುಕೊಂಡ. "ತಾಳಿ ಅಜ್ಜಿ, ತಾಳಿ. ನಂಗೆ ಪಾಯಸನೇ ಬಡಿಸಿಲ್ವಲ್ಲ! ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ!"

೫. ಲೋಡಿಂಗ್

ಜಗಳವಿಲ್ಲದೆ ಕೂರಿಸಬೇಕೆಂದು ಕೊನೆಗೆ ಬೆಂಗಳೂರಿಗೆ ಹೋಗಿ ಒಂದು ಇಂಗ್ಲಿಷ್ ಸಿನಿಮಾ ಡಿಸ್ಕು ತಂದೆ. ಮಾತು ಅರ್ಥವಾಗದಿದ್ದರೂ ಅದರಲ್ಲಿ ಸಾಕಷ್ಟು ಕಾರು ಪಲ್ಟಿ ಹೊಡೆಯುತ್ತವೆ ಎಂದು ಅಲ್ಲಿನ ಅಂಗಡಿಯವರು ಭರವಸೆ ಕೊಟ್ಟಿದ್ದರು. ಬೀದಿಗೆಲ್ಲ ಹೇಳಿದೆ. ಶಾಮಿಯಾನದವನಿಂದ ಕುರ್ಚಿ ತಂದೆ, ಕಡ್ಲೆಪುರಿಗೆ ಒಗ್ಗರಣೆ ಹಾಕಿದೆ. ಹೆಂಗಸರು ಜೊತೆ ಜೊತೆಯಾಗಿ ಬಂದರು, ಗುಂಪಿನಲ್ಲಿ ಬಂದರೆ ಮಾತಿಲ್ಲವಲ್ಲ.

ಆ ಮೆಷಿನ್ನು ಶುರುವಾಗುವಷ್ಟರಲ್ಲಿ ಒಂದು ಕಾಫಿ ಕುಡಿದು ಲೋಟ ತೊಳೆದಿಡಬಹುದು. ಪರದೆಯ ಮೇಲೆ "ಲೋಡಿಂಗ್" ಎಂದು ಬಂದು ಚಕ್ರ ತಿರುಗುತ್ತಿತ್ತು. ಎಲ್ಲರೂ ಚಕ್ರವನ್ನೇ ಭಕ್ತಿಯಿಂದ ನೋಡುತ್ತಾ ಕೂತಿದ್ದರು. ಚಕ್ರ ನಿಂತಿತು, ಚಿತ್ರ ಮೂಡಿತು, ಕರೆಂಟು ಹೋಯಿತು.

ಬೀದಿಗೆ ಬೀದಿಯೇ ಕತ್ತಲು. ಮೇಣದ ಬತ್ತಿ ಹಚ್ಚಿ, ಇನ್ನು ಎಲ್ಲರೂ ಹೊರಡುತ್ತಾರೆ ಅಂದುಕೊಂಡೆ. ಆದರೆ ಅವರವರ ಮನೆಯಲ್ಲೂ ಕತ್ತಲು ತಾನೇ, ಯಾರೂ ಏಳಲಿಲ್ಲ. ಕಡ್ಲೆಪುರಿ ಕೈಯಿಂದ ಕೈಗೆ ಹೋಯಿತು. ಅಜ್ಜಿ ನಮ್ಮಮ್ಮನ ಕಥೆ ತೆಗೆದರು. ಅಮ್ಮ ಒಂದು ಸಲ ತುಮಕೂರು ಬಸ್ಸಿನಲ್ಲಿ ನಿದ್ದೆ ಹೋಗಿ ನಮ್ಮೂರು ದಾಟಿ ದಾಬಸ್‌ಪೇಟೆಯಲ್ಲಿ ಇಳಿದಳಂತೆ. ಎಬ್ಬಿಸಲಿಲ್ಲ ಎಂದು ಕಂಡಕ್ಟರಿಗೆ ಅವಳು ಮಾಡಿದ ಮಂಗಳಾರತಿಗೆ ಹೆದರಿ ಅವನು ವಾಪಸ್ ಹೋಗುವ ಬಸ್ಸು ನಿಲ್ಲಿಸಿ ತಾನೇ ಸೀಟು ಹಿಡಿದುಕೊಟ್ಟನಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮ ಹೋದಮೇಲೆ ಅವಳನ್ನು ನೆನೆದು ನಕ್ಕದ್ದು ಅದೇ ಮೊದಲು. ಈ ಕತ್ತಲು ಹೀಗೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕರೆಂಟು ಬಂತು.

"ಅಯ್ಯೋ, ಧಾರಾವಾಹಿ!" ಎಂದಳು ಎದುರು ಮನೆ ಸೊಸೆ. ಅಷ್ಟೇ. ಬೆಂಕಿ ಬಿದ್ದ ಮನೆಯಿಂದ ಓಡುವಂತೆ ಎಲ್ಲರೂ ಎದ್ದು ಓಡಿದರು. ಅಂಗಡಿಯವನು ಅವಸರದಲ್ಲಿ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದ. ಖಾಲಿ ಕುರ್ಚಿಗಳ ನಡುವೆ ನಾನೊಬ್ಬನೇ ನಿಂತಿದ್ದೆ, ಮೆಷಿನ್ನು ಮತ್ತೆ ಮೊದಲಿಂದ "ಲೋಡಿಂಗ್" ಎಂದಿತು.

೬. ಕಂಬದ ಮೇಲಿನವನು

ಮರುವಾರ ಲೈನ್‌ಮನ್ ಕಣ್ಣಿಗೆ ಬಿದ್ದಾಗ ಪಕ್ಕಕ್ಕೆ ಕರೆದೆ.

"ಒಂದು ಉಪಕಾರ ಆಗ್ಬೇಕಿತ್ತಲ್ಲಪ್ಪಾ. ಶುಕ್ರವಾರ ಸಂಜೆ ಧಾರಾವಾಹಿ ಹೊತ್ತಿಗೆ ನಮ್ಮ ಬೀದಿ ಕರೆಂಟು ತೆಗೀತೀಯಾ?"

ಅವನು ನನ್ನನ್ನು ಕಾಲಿಂದ ತಲೆವರೆಗೆ ನೋಡಿದ. "ಸಾರ್, ಕರೆಂಟ್ ಕೊಡು ಅಂತ ಕಾಲ್ ಹಿಡಿಯೋರನ್ನ ನೋಡಿದ್ದೀನಿ. ತೆಗಿ ಅಂತ ಕೇಳ್ದೋರು ನೀವೊಬ್ರೇ. ಮೈಗೆ ಹುಷಾರಾಗಿದ್ದೀರಾ?" ಬೀದಿ ಲೈನು ಹಾಗೆಲ್ಲ ತೆಗೆದರೆ ತನ್ನ ಕೆಲಸ ಹೋಗುತ್ತದೆ ಎಂದು ಹೇಳಿ ಹೊರಟ. ನಾಚಿಕೆಯಾಗಿ ನಾನೂ ಆ ಮಾತು ಬಿಟ್ಟೆ.

ಆಗ ಹೈವೇಯಲ್ಲಿ ಮೇಲ್ಸೇತುವೆ ಕೆಲಸ ನಡೆದು ಲಾರಿಗಳೆಲ್ಲ ಸಿಕ್ಕ ಸಿಕ್ಕ ಬೀದಿಗೆ ನುಗ್ಗುತ್ತಿದ್ದವು. ಒಂದು ಸಂಜೆ ಹುಲ್ಲು ಎತ್ತರಕ್ಕೆ ಹೇರಿಕೊಂಡ ಲಾರಿಯೊಂದು ನಮ್ಮ ಬೀದಿಗೆ ಬಂತು. ಕಂಬದಿಂದ ನನ್ನ ಮನೆಗೆ ಎಳೆದಿದ್ದ ವೈರನ್ನು ಹುಲ್ಲಿನ ಜೊತೆಗೇ ಎಳೆದುಕೊಂಡು ಹೋಯಿತು. ಬೀದಿಯೆಲ್ಲ ಬೆಳಕು, ನನ್ನದೊಂದೇ ಮನೆ ಕತ್ತಲು. ಫೋನು ಮಾಡಿದರೆ ಲೈನ್‌ಮನ್ ಮೊದಲು ಹೇಳಿದ್ದು, "ನಾನ್ ತೆಗ್ದಿಲ್ಲ ಸಾರ್, ಮಕ್ಕಳಾಣೆ!" ವಿಷಯ ತಿಳಿಸಿದ ಮೇಲೆ, ಬರುತ್ತೇನೆ, ಸ್ವಲ್ಪ ತಡವಾಗುತ್ತದೆ ಎಂದ.

ಜಗುಲಿಯ ಮೇಲೆ ಕೂತೆ. ಎದುರು ಮನೆಯ ಕಿಟಕಿಯಲ್ಲಿ ಟಿವಿಯ ಬೆಳಕು ಮಿಣಮಿಣ ಎನ್ನುತ್ತಿತ್ತು. ಅಜ್ಜಿ ಹೊರಗೆ ಬಂದು ನನ್ನ ಮನೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಯಾಕ್ ಮಗಾ, ದೀಪ ಹಾಕಿಲ್ಲ?"

"ವೈರ್ ಕಿತ್ತೋಗಿದೆ ಅಜ್ಜಿ."

"ಮತ್ತೆ ಕತ್ಲಲ್ಲಿ ಒಬ್ನೇ ಕೂತು ಏನ್ ಮಾಡ್ತೀಯ? ಬಾ ಇಲ್ಲಿ. ನಮ್ದು ಚಿಕ್ ಟಿವಿ, ನಿನ್ ಕಣ್ಣಿಗೆ ಹಿಡಿಸುತ್ತೋ ಇಲ್ವೋ."

ರಸ್ತೆ ದಾಟಿದೆ. ಇಷ್ಟು ದಿನ ಅವರನ್ನು ಈ ಕಡೆಗೆ ಕರೆತರಲು ಒದ್ದಾಡಿದ್ದೆನೇ ಹೊರತು ನಾನು ಆ ಕಡೆಗೆ ಹೋಗಬಹುದೆಂದು ಹೊಳೆದಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಅವರ ಟಿವಿಯಲ್ಲಿ ಎಲ್ಲರ ಮುಖವೂ ಸ್ವಲ್ಪ ಹಸಿರಾಗಿತ್ತು, ನಡುನಡುವೆ ಗೆರೆ ಹಾಯುತ್ತಿತ್ತು. ಯಾರೂ ಅದನ್ನು ಗಮನಿಸುವಂತೆ ಕಾಣಲಿಲ್ಲ. ಮೊಮ್ಮಗಳು ನನ್ನ ಮೊಣಕಾಲಿಗೆ ಒರಗಿಕೊಂಡು ಧಾರಾವಾಹಿಯ ಹಿಂದಿನ ಕಥೆಯನ್ನೆಲ್ಲ ಹೇಳಿದಳು. ಸೊಸೆ ಕೇಳದೆಯೇ ತಟ್ಟೆ ತಂದಿಟ್ಟು ಅನ್ನ, ಬಿಸಿ ಬಸ್ಸಾರು ಬಡಿಸಿದಳು. ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಯಿತೇ ಎಂದು ಸೊಸೆ ಕೇಳಿದಳು, ಹೌದು ಎಂದೆ.

ಆಗ ಹೊರಗೆ ಏಣಿ ತಾಗಿದ ಸದ್ದು. ಲೈನ್‌ಮನ್ ಕಂಬ ಹತ್ತಿದ್ದ. ತಡವಾಗುತ್ತದೆ ಎಂದವನು ಇಷ್ಟು ಬೇಗ ಬಂದಿದ್ದ! ಈಗ ದೀಪ ಬರುತ್ತದೆ, ಎದ್ದು ಹೋಗಬೇಕು. ತಟ್ಟೆಯಲ್ಲಿ ಇನ್ನೂ ಅರ್ಧ ಅನ್ನ ಇತ್ತು.

ಕಂಬದ ಮೇಲಿನಿಂದ ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. "ಸಾರ್! ಒಂದ್ ಸಲ ಸರಿಯಾಗಿ ಹೇಳ್ಬಿಡಿ! ಮೊನ್ನೆ ಕರೆಂಟ್ ತೆಗಿ ತೆಗಿ ಅಂತ ಬೆನ್ ಹತ್ತಿದ್ರಿ, ಇವತ್ತು ಹಾಕು ಅಂತೀರಾ! ಏನ್ ಮಾಡ್ಲಿ, ಹಾಕ್ಲಾ ಬೇಡ್ವಾ?"

ಮನೆಯವರೆಲ್ಲ ಧಾರಾವಾಹಿ ಬಿಟ್ಟು ನನ್ನ ಕಡೆ ತಿರುಗಿದರು.

"ಏನ್ ಮಗಾ ಅದು?" ಎಂದರು ಅಜ್ಜಿ. "ಕರೆಂಟ್ ಯಾಕ್ ತೆಗಿ ಅಂದಿದ್ದೆ?"

ಸುಳ್ಳು ಹೇಳಲು ಏನೂ ತೋಚಲಿಲ್ಲ. "ಕರೆಂಟ್ ಹೋದ್ರೆ ನೀವೆಲ್ಲ ನಮ್ಮನೇಗೆ ಬಂದು ಕೂರ್ತೀರಾ ಅಂತ" ಎಂದೆ.

ಟಿವಿಯಲ್ಲಿ ಯಾರೋ ಹಸಿರು ಮುಖದ ಹೆಂಗಸು ಅಳುತ್ತಿದ್ದಳು. ಅಜ್ಜಿ ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಬಾಗಿಲಿಗೆ ಹೋಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಕಂಬದ ತುದಿಗೆ ಕೂಗಿದರು.

"ಲೇ, ಇಳಿಯೋ ಕೆಳಗೆ! ನಾಳೆ ಬಂದು ಹಾಕೋವಂತೆ. ಇವನ್ ಊಟ ಇನ್ನೂ ಆಗಿಲ್ಲ!"